ಬೊಲಾರ್‌ನಲ್ಲಿ ನಡುವಿನ ಜಾಗ ಯಾರದ್ದು

ಯಾವ ಸ್ಟೇಡಿಯಂಗೆ ಬೇಕಾದ್ರೂ ಹೋಗಿ, ಯಾರ್ಯಾರು ಎಲ್ಲೆಲ್ಲಿ ಕೂತಿದ್ದಾರೆ ಅಂತ ಒಂದು ಸುತ್ತು ಕಣ್ಣಾಡಿಸಿದ್ರೆ ಸಾಕು, ಆ ಜಾಗ ಯಾರ ಕೈಲಿದೆ ಅಂತ ಗೊತ್ತಾಗಿಬಿಡುತ್ತೆ. ಯುರೋಪಿನ ಫುಟ್ಬಾಲ್ ಸ್ಟೇಡಿಯಂಗಳಲ್ಲಿ ಸಾಮಾನ್ಯವಾಗಿ ಮೈದಾನದ ಉದ್ದ ಬದಿಯ ನಟ್ಟನಡುವೆ, ಎರಡೂ ಗೋಲು ಸರಿಯಾಗಿ ಕಾಣೋ ಕಡೆ ರೇಟು ಜಾಸ್ತಿ, ಅಲ್ಲಿ ದುಡ್ಡಿರೋರು ಕೂರ್ತಾರೆ. ತೊಂಬತ್ತು ನಿಮಿಷವೂ ನಿಂತ್ಕೊಂಡು ಹಾಡಿ ಕಿರುಚಿ ಗಂಟಲು ಕಟ್ಟಿಸ್ಕೊಳ್ಳೋ ಜನಕ್ಕೆ ಗೋಲ್ ಪೋಸ್ಟ್ ಹಿಂದಿನ ಸ್ಟ್ಯಾಂಡು, ಅಲ್ಲಿಂದ ಆಚೆ ತುದಿಯ ಆಟ ಅರ್ಧಂಬರ್ಧ ಕಾಣುತ್ತೆ, ಆದ್ರೂ ಸ್ಟೇಡಿಯಂಗೆ ಜೀವ ಬರೋದು ಅವರಿಂದ್ಲೇ. ಉತ್ತರ ಫ್ರಾನ್ಸಿನ ಲಾನ್ಸ್ ಊರಿನ ಬೊಲಾರ್-ದೆಲೆಲಿಸ್ ಸ್ಟೇಡಿಯಂನಲ್ಲಿ ಲೆಕ್ಕ ಬೇರೆ. ಅಲ್ಲಿ ಹಾಡೋ ಜನ ಇರೋದು ಉದ್ದ ಬದಿಯಲ್ಲೇ, ನಡುವಿನಲ್ಲೇ, ಮಾರೆಕ್ ಅನ್ನೋ ಸ್ಟ್ಯಾಂಡಲ್ಲಿ. ಮುಖ್ಯ ಅತಿಥಿಗಳ ಸ್ಟ್ಯಾಂಡು ಅದರ ಎದುರಿಗೆ. ಅಂದ್ರೆ ದೊಡ್ಡ ಮನುಷ್ಯರು ಮ್ಯಾಚ್ ಪೂರ್ತಿ ಆಟದ ಜೊತೆಗೆ ಈ ಜನರನ್ನೂ ನೋಡ್ತಾ ಕೂರಬೇಕು. ನನಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಿದ್ದೇ ಈ ಒಂದು ವಿಷಯದಿಂದ.

ಕೆಲಸದ ಮೇಲೆ ಲೀಲ್ ನಗರಕ್ಕೆ ಬಂದು ನೆಲೆಸಿದವನು ನಾನು. ಲೀಲ್‌ಗೂ ಲಾನ್ಸ್‌ಗೂ ಫುಟ್ಬಾಲ್‌ನಲ್ಲಿ ಹಳೇ ಹಗೆ, ಆದ್ರೆ ನನ್ನ ಪಕ್ಕದ ಡೆಸ್ಕಿನ ಗೆಳೆಯ ಲಾನ್ಸ್ ಪಕ್ಕದ ಲಿಯೆವಾನ್ ಊರಿನವನು, ಅವರ ತಾತ ಪೋಲೆಂಡಿನಿಂದ ಕಲ್ಲಿದ್ದಲು ಗಣಿ ಕೆಲಸಕ್ಕೆ ಬಂದವರು, ಹಂಗಾಗಿ ನನ್ನನ್ನ ಮೊದಲು ಮ್ಯಾಚಿಗೆ ಕರ್ಕೊಂಡು ಹೋದವನು ಅವನೇ, ನಾನು ಯಾವ ಪಾರ್ಟಿ ಅನ್ನೋದೂ ಅಲ್ಲಿಗೇ ತೀರ್ಮಾನ ಆಯ್ತು. ಟ್ರೇನಲ್ಲಿ ಹೋದ್ರೆ ಊರು ಹತ್ರ ಬರ್ತಿದ್ದ ಹಾಗೆ ಕಪ್ಪು ಗುಡ್ಡಗಳು ಕಾಣ್ಸೋಕೆ ಶುರು. ಚಪ್ಪಟೆ ಬಯಲಿನಲ್ಲಿ ತಟ್ಟನೆ ಎದ್ದು ನಿಂತ, ತುದಿ ಚೂಪಾದ ಗುಡ್ಡಗಳು, ಗಣಿಯಿಂದ ತೆಗೆದ ಕಲ್ಲುಮಣ್ಣು ದಶಕಗಟ್ಟಲೆ ಸುರಿದು ಸುರಿದು ಆದಂಥವು. ಕೆಜಿಎಫ್‌ನ ಸೈನೈಡ್ ಗುಡ್ಡ ನೋಡಿದವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಲೋಸ್-ಆನ್-ಗೊಯೆಲ್ ಅನ್ನೋ ಪಕ್ಕದ ಊರಲ್ಲಿರೋ ಜೋಡಿ ಗುಡ್ಡ ಯುರೋಪಿನಲ್ಲೇ ಅತಿ ಎತ್ತರದವು ಅಂತಾರೆ. 2012ರಲ್ಲಿ ಯುನೆಸ್ಕೋದವರು ಈ ಇಡೀ ಗಣಿ ಪ್ರದೇಶವನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ರು, ಗುಡ್ಡಗಳು, ಗಣಿ ಕಾರ್ಮಿಕರ ಲೈನ್ ಮನೆಗಳು ಎಲ್ಲಾ ಸೇರಿಸಿ.

ಸ್ಟೇಷನ್ನಿಂದ ಸ್ಟೇಡಿಯಂಗೆ ನಡ್ಕೊಂಡೇ ಹೋಗಬಹುದು. ಆ ಸ್ಟೇಷನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು: ಮೊದಲನೇ ಮಹಾಯುದ್ಧದಲ್ಲಿ ಲಾನ್ಸ್ ಕಲ್ಲಿನ ಮೇಲೆ ಕಲ್ಲು ನಿಲ್ಲದ ಹಾಗೆ ನೆಲಸಮ ಆಗಿತ್ತು, ಆಮೇಲೆ ಕಟ್ಟಿದ ಊರಿಗೆ 1927ರಲ್ಲಿ ಬಂದ ಈ ಸ್ಟೇಷನ್ ಕಟ್ಟಡ ಉಗಿಬಂಡಿಯ ಆಕಾರದಲ್ಲಿದೆ, ಗಡಿಯಾರದ ಗೋಪುರವೇ ಹೊಗೆ ಕೊಳವೆ. ಒಳಗೆ ಗೋಡೆ ಮೇಲೆ ಗಣಿ ಕೆಲಸದ ಮೊಸಾಯಿಕ್ ಚಿತ್ರಗಳು. ಮ್ಯಾಚ್ ದಿನ ಆ ಚಿತ್ರಗಳ ಕೆಳಗೆ ಕೆಂಪು ಹಳದಿ ಸ್ಕಾರ್ಫ್ ಹಾಕ್ಕೊಂಡ ಅಜ್ಜಂದಿರು, ಮೊಮ್ಮಕ್ಕಳು, ಎಲ್ಲಾ ವಯಸ್ಸಿನ ಹೆಂಗಸರು. ಕ್ಲಬ್ಬಿನ ಬಣ್ಣಕ್ಕೆ ಅಲ್ಲಿನವರು 'ರಕ್ತ ಮತ್ತು ಚಿನ್ನ' ಅಂತಾರೆ. ರಸ್ತೆ ಬದಿ ಗಾಡಿಗಳಲ್ಲಿ ಆಲೂಗಡ್ಡೆ ಫ್ರೈಸ್ ಕರೀತಿರೋ ವಾಸನೆ ದೂರದಿಂದಲೇ ಬರುತ್ತೆ, ಪೇಪರ್ ಪೊಟ್ಟಣದಲ್ಲಿ ಬಿಸಿ ಬಿಸಿ ಹಾಕಿ ಮೇಲೆ ಉಪ್ಪು ಉದುರಿಸಿ ಕೊಡ್ತಾರೆ, ಚಳಿಗಾಲದಲ್ಲಿ ಅದನ್ನ ಎರಡೂ ಕೈಲಿ ಹಿಡ್ಕೊಂಡ್ರೇ ಅರ್ಧ ಹೊಟ್ಟೆ ತುಂಬಿದ ಹಾಗೆ.

ಊರಿನ ಜನಸಂಖ್ಯೆ ಹತ್ತಿರ ಹತ್ತಿರ 32,000. ಸ್ಟೇಡಿಯಂನಲ್ಲಿ ಹಿಡಿಸೋ ಜನ 38,000ಕ್ಕೂ ಜಾಸ್ತಿ. ಊರಿಗೆ ಊರೇ ಬಂದು ಕೂತ್ರೂ ಇನ್ನೂ ಜಾಗ ಮಿಗುತ್ತೆ. ಆದ್ರೆ ಮಿಗೋದಿಲ್ಲ, ಯಾಕಂದ್ರೆ ಲಿಯೆವಾನ್, ಅವಿಯೋನ್, ಸಾಲೋಮಿನ್ ಅಂತ ಒಂದಕ್ಕೊಂದು ಅಂಟಿಕೊಂಡಿರೋ ಗಣಿ ಊರುಗಳೆಲ್ಲಾ ಬರ್ತವೆ. 1992ರ ಫೆಬ್ರವರಿಯಲ್ಲಿ ಮಾರ್ಸೇ ತಂಡದ ವಿರುದ್ಧದ ಮ್ಯಾಚಿಗೆ 48,912 ಜನ ಬಂದಿದ್ರು, ಆಗ ನಿಂತು ನೋಡೋ ಜಾಗ ಇನ್ನೂ ಇತ್ತು, ಆ ದಾಖಲೆ ಇವತ್ತಿಗೂ ಮುರಿದಿಲ್ಲ.

ಈ ಸ್ಟೇಡಿಯಂ ಕಟ್ಟಿಸಿದ್ದು ಗಣಿ ಕಂಪನಿ. 1930ರ ಆರ್ಥಿಕ ಕುಸಿತದ ಕಾಲ, ಕಲ್ಲಿದ್ದಲಿಗೆ ಗಿರಾಕಿ ಇಲ್ಲ, ಕೆಲಸ ಇಲ್ಲದೆ ಕೂತಿದ್ದ ಗಣಿ ಕಾರ್ಮಿಕರನ್ನೇ ಹಚ್ಚಿ ಲಾನ್ಸ್ ಗಣಿ ಕಂಪನಿ ಕೆಲಸ ಶುರು ಮಾಡಿಸ್ತು, 1933ರಲ್ಲಿ ಉದ್ಘಾಟನೆ ಆಯ್ತು. ಫೆಲಿಕ್ಸ್ ಬೊಲಾರ್ ಅನ್ನೋರು ಕಂಪನಿಯ ವಾಣಿಜ್ಯ ನಿರ್ದೇಶಕರು, 1936ರಲ್ಲಿ ಅವರು ತೀರ್ಕೊಂಡ ಮೇಲೆ ಅವರ ಹೆಸರೇ ಸ್ಟೇಡಿಯಂಗೆ ಬಂತು. ಇದನ್ನ ಕಂಪನಿಯ ದೊಡ್ಡ ಗುಣ ಅಂತ ಬರೆದು ಮುಗಿಸೋರಿದ್ದಾರೆ. ನನಗೆ ಅಷ್ಟು ಸಲೀಸಾಗಿ ಒಪ್ಪೋಕಾಗಲ್ಲ. ಅಲ್ಲಿ ಮನೆ ಕಂಪನಿದು, ಶಾಲೆ ಕಂಪನಿದು, ಚರ್ಚೂ ಕಂಪನಿ ಕಟ್ಟಿಸಿದ್ದು. ಹುಟ್ಟಿದ ಮಗು ಬೆಳೆದು ಗಣಿಗೇ ಇಳೀಬೇಕು, ಮಧ್ಯದಲ್ಲಿ ಬೇರೆ ಕಡೆ ಮನಸ್ಸು ಹೋಗಬಾರದು, ಭಾನುವಾರ ಸಭೆ ಗಿಭೆ ಅಂತ ಸೇರೋ ಬದಲು ಆಟ ನೋಡ್ಕೊಂಡು ಇರ್ಲಿ ಅನ್ನೋ ಲೆಕ್ಕಾಚಾರ ಆ ಕಾಲದ ಕಂಪನಿಗಳಲ್ಲಿ ಇತ್ತು. ಕೆಲಸಗಾರ ಕೆಲಸ ಬಿಟ್ರೆ ಮನೆಯೂ ಹೋಗ್ತಿತ್ತು. ಹಂಗಿದ್ದಾಗ ಅದೇ ಕಂಪನಿ ಒಂದು ಮೈದಾನ ಕೊಟ್ಟಿತು ಅನ್ನೋದನ್ನ ಬರೀ ಉಪಕಾರ ಅಂತ ನೋಡೋದು ಆ ಜನಕ್ಕೆ ಮಾಡೋ ಅನ್ಯಾಯ.

ಕ್ಲಬ್ ಹುಟ್ಟಿದ್ದು ಮಾತ್ರ ಕಂಪನಿಯಿಂದಲ್ಲ. 1906ರಲ್ಲಿ ಊರಿನ ಹುಡುಗರು ಸೇರ್ಕೊಂಡು ಶುರು ಮಾಡಿದ್ದು ರೇಸಿಂಗ್ ಕ್ಲಬ್ ದ ಲಾನ್ಸ್. ಅದೇ ವರ್ಷ ಮಾರ್ಚ್ 10ರಂದು ಪಕ್ಕದ ಕೂರಿಯೇರ್ ಕಂಪನಿಯ ಗಣಿಯಲ್ಲಿ ಸ್ಫೋಟ ಆಗಿ 1,099 ಜನ ಸತ್ತಿದ್ರು. ಯುರೋಪಿನ ಗಣಿ ಇತಿಹಾಸದಲ್ಲೇ ಅಷ್ಟು ದೊಡ್ಡ ದುರಂತ ಇನ್ನೊಂದಿಲ್ಲ. ಬೀದಿ ಬೀದಿಯಲ್ಲಿ ಸೂತಕ ಇದ್ದ ಆ ವರ್ಷ ಕೆಲವು ಹುಡುಗರಿಗೆ ಚೆಂಡು ಒದೆಯೋ ಮನಸ್ಸು ಬಂತಲ್ಲ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೀನಿ. ಬಹುಶಃ ಬರಲೇಬೇಕಿತ್ತು.

ಯುದ್ಧ ಮುಗಿದ ಮೇಲೆ ಗಣಿಗೆ ಆಳು ಸಾಲದೆ 1919ರಲ್ಲಿ ಫ್ರಾನ್ಸ್ ಸರ್ಕಾರ ಪೋಲೆಂಡ್ ಜೊತೆ ಒಪ್ಪಂದ ಮಾಡ್ಕೊಳ್ತು, ಸಾವಿರಾರು ಸಂಸಾರ ಬಂತು. ಅದರ ಗುರುತು ಕ್ಲಬ್ಬಿನ ಆಟಗಾರರ ಪಟ್ಟಿ ನೋಡಿದ್ರೇ ಸಿಗುತ್ತೆ. 'ಸ್ಟಾನಿಸ್' ಅಂತಲೇ ಎಲ್ಲರೂ ಕರೀತಿದ್ದ ಸ್ಟೆಫಾನ್ ಡೆಂಬಿಟ್ಸ್ಕಿ 1942ರ ಡಿಸೆಂಬರ್‌ನಲ್ಲಿ ಫ್ರೆಂಚ್ ಕಪ್ಪಿನ ಒಂದೇ ಮ್ಯಾಚಲ್ಲಿ 16 ಗೋಲು ಹೊಡೆದ, ಲಾನ್ಸ್ 32-0 ಗೆಲ್ತು. ಪೋಲಿಷ್ ಮೂಲದ ಗಣಿ ಮನೆತನದ ಮರಿಯಾನ್ ವಿಸ್ನಿಯೆವ್ಸ್ಕಿ ಹದಿಹರೆಯದಲ್ಲೇ ಲಾನ್ಸ್‌ಗೆ ಆಡೋಕೆ ಶುರು ಮಾಡಿ 1958ರಲ್ಲಿ ಮೂರನೇ ಸ್ಥಾನ ಪಡೆದ ಫ್ರಾನ್ಸ್ ವಿಶ್ವಕಪ್ ತಂಡದಲ್ಲಿದ್ದ. ಇನ್ನು ಹಾಡೋ ಜನ ನಿಲ್ಲೋ ಸ್ಟ್ಯಾಂಡಿಗೆ ಹೆಸರು ಕೊಟ್ಟ ಆಂಟೋನ್ ಮಾರೆಕ್ ಆಸ್ಟ್ರಿಯಾದವನು, ಲಾನ್ಸ್‌ಗೆ ಆಡಿ ಆಮೇಲೆ ಕೋಚ್ ಆದವನು. ಅದರ ಮೇಲಿನ ಅಂತಸ್ತಿಗೆ ಕ್ಸೆರ್ಸೆಸ್ ಲೂಯಿ ಹೆಸರು, ಅವನು ಅಟ್ಲಾಂಟಿಕ್ ಆಚೆಯ ಮಾರ್ಟಿನಿಕ್ ದ್ವೀಪದಿಂದ ಬಂದು ಫ್ರಾನ್ಸ್ ತಂಡದವರೆಗೂ ಹೋದ ಕಪ್ಪು ವರ್ಣದ ಆಟಗಾರ. ಇಷ್ಟು ಚಿಕ್ಕ ಊರು, ತನ್ನ ಸ್ಟೇಡಿಯಂನ ಅತ್ಯಂತ ಗದ್ದಲದ ಜಾಗಕ್ಕೆ ಹೊರಗಿಂದ ಬಂದ ಇಬ್ಬರ ಹೆಸರು ಇಟ್ಕೊಂಡಿದೆ. ಪರದೇಶದಲ್ಲಿ ದುಡೀತಿರೋ ನನ್ನಂಥವನಿಗೆ ಇದು ಸಣ್ಣ ವಿಷಯ ಅಲ್ಲ.

ಎರಡನೇ ಯುದ್ಧ ಆದ ಮೇಲೆ ಗಣಿಗಳು ರಾಷ್ಟ್ರೀಕರಣ ಆದವು, ಸ್ಟೇಡಿಯಂ ಸರ್ಕಾರಿ ಕಲ್ಲಿದ್ದಲು ಸಂಸ್ಥೆಯ ಕೈಗೆ ಬಂತು. 1960ರ ದಶಕ ಬರೋ ಹೊತ್ತಿಗೆ ಒಂದೊಂದೇ ಗಣಿಗೆ ಬೀಗ. ದಶಕದ ಕೊನೆಗೆ ಸಂಸ್ಥೆ ಕ್ಲಬ್ಬಿಗೆ ಕೊಡ್ತಿದ್ದ ದುಡ್ಡನ್ನೂ ನಿಲ್ಲಿಸ್ತು, ಕ್ಲಬ್ ವೃತ್ತಿಪರ ಸ್ಥಾನ ಬಿಟ್ಟುಕೊಟ್ಟು ಹವ್ಯಾಸಿ ಮಟ್ಟಕ್ಕೆ ಇಳೀತು. ಅಲ್ಲಿಗೆ ಕಥೆ ಮುಗೀಬೇಕಿತ್ತು. ಮುಗಿಯದೆ ಇರೋಕೆ ಕಾರಣ ಆಂದ್ರೆ ದೆಲೆಲಿಸ್, 1966ರಿಂದ 1998ರವರೆಗೆ ಲಾನ್ಸ್ ಮೇಯರ್ ಆಗಿದ್ದೋರು, ನಡುವೆ ಮಂತ್ರಿಯೂ ಆದ್ರು. ನಗರಸಭೆ ಕ್ಲಬ್ಬಿನ ಬೆನ್ನಿಗೆ ನಿಂತ್ಕೊಳ್ತು, ಆಮೇಲೆ ಸ್ಟೇಡಿಯಂ ಕೂಡ ನಗರಸಭೆಗೆ ಸೇರ್ತು. ಗಣಿಗಳು ಮುಚ್ಚಿ ಜನ ಕೆಲಸ ಕಳ್ಕೊಳ್ತಿರೋವಾಗ ಫುಟ್ಬಾಲ್ ಮೈದಾನಕ್ಕೆ ಊರಿನ ದುಡ್ಡು ಹಾಕೋದು ಸರಿಯಾ ಅಂತ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಆದ್ರೆ ಅವರು ಅದನ್ನ ಉಳಿಸದೇ ಇದ್ದಿದ್ರೆ ಇವತ್ತು ಆ ಊರುಗಳೆಲ್ಲಾ ಒಟ್ಟಿಗೆ ಸೇರೋಕೆ ಒಂದು ಜಾಗವೂ ಇರ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. 2012ರಲ್ಲಿ ದೆಲೆಲಿಸ್ ತೀರ್ಕೊಂಡಾಗ ಬೊಲಾರ್ ಹೆಸರಿನ ಪಕ್ಕ ಅವರ ಹೆಸರನ್ನೂ ಸೇರಿಸಿದ್ರು. ಕಟ್ಟಿಸಿದ ಕಂಪನಿಯವನ ಹೆಸರು ತೆಗೀಲಿಲ್ಲ, ಉಳಿಸಿದವರ ಹೆಸರು ಬಿಡಲಿಲ್ಲ.

ಈ ಪ್ರದೇಶದ ಕೊನೇ ಕಲ್ಲಿದ್ದಲು ಮೇಲೆ ಬಂದಿದ್ದು 1990ರ ಡಿಸೆಂಬರ್ 21ರಂದು, ಪಕ್ಕದ ವಾನ್ಯೀ ಗಣಿಯಿಂದ. ಅಂದ್ರೆ ಇವತ್ತು ಮಾರೆಕ್‌ನಲ್ಲಿ ಹಾಡೋ ಹುಡುಗ ಹುಡುಗಿಯರಲ್ಲಿ ಯಾರೂ ಗಣಿ ಒಳಗೆ ಕೆಲಸ ಮಾಡಿದವರಲ್ಲ. ಆದ್ರೂ ಸೆಕೆಂಡ್ ಹಾಫ್ ಶುರುವಾಗೋ ಹೊತ್ತಿಗೆ ನಡೆಯೋದನ್ನ ನೀವು ನೋಡಬೇಕು. ಆಟಗಾರರು ವಾಪಸ್ ಮೈದಾನಕ್ಕೆ ಬರೋವಾಗ 'ಲೆ ಕೊರೋನ್' ಹಾಡು ಹಾಕ್ತಾರೆ, ಗಣಿ ಕಾರ್ಮಿಕರ ಲೈನ್ ಮನೆಗಳ ಮೇಲಿನ ಹಾಡು, ಪಿಯೆರ್ ಬಾಶಲೆ 1982ರಲ್ಲಿ ಹಾಡಿದ್ದು, 2005ರಲ್ಲಿ ಅವರು ತೀರ್ಕೊಂಡ ಮೇಲೆ ಇದು ಇಲ್ಲಿನ ಸಂಪ್ರದಾಯವೇ ಆಗಿಹೋಯ್ತು. ಸ್ಕಾರ್ಫನ್ನ ಎರಡೂ ಕೈಯಿಂದ ತಲೆ ಮೇಲೆ ಎತ್ತಿ ಹಿಡೀತಾರೆ. ನಾಲ್ಕೂ ಸ್ಟ್ಯಾಂಡು, ಮುಖ್ಯ ಅತಿಥಿಗಳದ್ದೂ ಸೇರಿ. ಸ್ವಲ್ಪ ಹೊತ್ತಿಗೆ ಸ್ಪೀಕರ್ ಸದ್ದು ಕೇಳ್ಸೋದೇ ಇಲ್ಲ, ಜನರ ದನಿ ಒಂದೇ. ನನ್ನ ಪಕ್ಕ ಒಬ್ಬರು ವಯಸ್ಸಾದವರು ನಿಂತಿದ್ರು, ಮ್ಯಾಚ್ ಪೂರ್ತಿ ರೆಫರಿಗೆ ಬೈದುಕೊಂಡೇ ಇದ್ದೋರು, ಆ ಹಾಡು ಬಂದ ತಕ್ಷಣ ಟೋಪಿ ತೆಗೆದು ಎದೆಗೆ ಒತ್ತಿ ಹಿಡ್ಕೊಂಡ್ರು, ಕೈ ಬೆರಳ ಗೆಣ್ಣುಗಳು ದಪ್ಪಗೆ ಊದಿದ್ವು, ಹೆಬ್ಬೆರಳಿನ ಬುಡದಲ್ಲಿ ಚರ್ಮದೊಳಗೆ ಉಳಿದುಹೋದ ನೀಲಿ ಗೆರೆ. ಗಾಯದೊಳಗೆ ಕಲ್ಲಿದ್ದಲ ಪುಡಿ ಸೇರಿ ಮಾಯ್ದರೆ ಹಾಗೆ ಆಗುತ್ತೆ, ಸಾಯೋವರೆಗೂ ಹೋಗಲ್ಲ ಅಂತ ಗೆಳೆಯ ಆಮೇಲೆ ಹೇಳಿದ. ಅವನ ತಾತನ ಕೈಲೂ ಇತ್ತಂತೆ. ತಾತ ಹೋಗಿದ್ದು ಶ್ವಾಸಕೋಶದ ಕಾಯಿಲೆಯಿಂದ, ಧೂಳು ಕುಡಿದು ಕುಡಿದು ಬರೋ ಸಿಲಿಕೋಸಿಸ್, ಅಲ್ಲಿ ಅದು ಇಲ್ಲದ ಮನೆಯೇ ಅಪರೂಪ.

ಅವನ ಊರು ಲಿಯೆವಾನ್ ಅಂದೆನಲ್ಲ, 1974ರ ಡಿಸೆಂಬರ್ 27ರಂದು ಅಲ್ಲಿನ ಗಣಿಯಲ್ಲಿ ಸ್ಫೋಟ ಆಗಿ 42 ಜನ ಸತ್ರು, ಕ್ರಿಸ್ಮಸ್ ರಜೆ ಮುಗಿಸಿ ಕೆಲಸಕ್ಕೆ ಇಳಿದ ಬೆಳಗ್ಗೆ. ಫುಟ್ಬಾಲ್ ಬಗ್ಗೆ ಬರೆಯೋಕೆ ಕೂತು ಇಷ್ಟೊಂದು ಸಾವಿನ ಲೆಕ್ಕ ಯಾಕೆ ಅಂತ ಅನ್ನಿಸಬಹುದು. ಬೊಲಾರ್‌ನಲ್ಲಿ ಆ ಹಾಡು ಕೇಳಿದ ಮೇಲೆ ಇವೆರಡನ್ನ ಬೇರೆ ಬೇರೆ ಮಾಡಿ ಬರೆಯೋಕೆ ನನಗೆ ಬರ್ತಿಲ್ಲ.

ಆಟದ ಕಥೆಯೂ ಕಮ್ಮಿ ಏನಿಲ್ಲ. 1977ರಲ್ಲಿ ಯುರೋಪಿನ ಕ್ಲಬ್ಬುಗಳ ಯುಎಫಾ ಕಪ್ಪಿನಲ್ಲಿ ಇಟಲಿಯ ಲಾಟ್ಸಿಯೋ ತಂಡವನ್ನ ಎಕ್ಸ್‌ಟ್ರಾ ಟೈಮಲ್ಲಿ 6-0 ಹೊಡೆದಿದ್ದು ಇಲ್ಲೇ, ಹಳಬರು ಇವತ್ತಿಗೂ ಅದನ್ನ ನಿನ್ನೆ ನಡೆದ ಹಾಗೆ ಹೇಳ್ತಾರೆ. 1998 ಅಂತೂ ಈ ಊರಿಗೆ ಬಂಗಾರದ ವರ್ಷ. ಮೇ 9ರಂದು ಓಸೇರ್ ಊರಲ್ಲಿ ಯೋಆನ್ ಲಶೋರ್ ಹೊಡೆದ ಗೋಲಿಂದ 1-1 ಡ್ರಾ ಆಗಿ, ಮೆಟ್ಸ್ ತಂಡದಷ್ಟೇ ಪಾಯಿಂಟ್ ಇದ್ರೂ ಗೋಲುಗಳ ವ್ಯತ್ಯಾಸದಲ್ಲಿ ಲಾನ್ಸ್ ಫ್ರಾನ್ಸಿನ ಚಾಂಪಿಯನ್ ಆಯ್ತು, ಮೊದಲ ಸಲ, ಇಲ್ಲಿವರೆಗೆ ನಾನು ಕೇಳಿದ ಎಲ್ಲಾ ಕಥೆಗಳಲ್ಲೂ ಆ ರಾತ್ರಿ ಯಾರೂ ಮಲಗಿಲ್ಲ. ಕೋಚ್ ದಾನಿಯೆಲ್ ಲಕ್ಲೆರ್ಕ್, ಉದ್ದ ಬಿಳಿ ಕೂದಲಿನ ಮನುಷ್ಯ, ಜನ ಅವರನ್ನ ಪುರಾತನ ಕಾಲದ ಮಂತ್ರವಾದಿ ಪೂಜಾರಿ ಅನ್ನೋ ಅರ್ಥದಲ್ಲಿ 'ಡ್ರೂಯಿಡ್' ಅಂತ ಕರೀತಿದ್ರು. ಮರು ತಿಂಗಳೇ ವಿಶ್ವಕಪ್. ಜೂನ್ 28ಕ್ಕೆ ಇದೇ ಮೈದಾನದಲ್ಲಿ ಫ್ರಾನ್ಸ್ ಪರಾಗ್ವೆ ಪ್ರೀ ಕ್ವಾರ್ಟರ್ ಫೈನಲ್, ಜಿದಾನ್ ಸಸ್ಪೆಂಡ್ ಆಗಿ ಹೊರಗೆ, ಪರಾಗ್ವೆ ಗೋಲ್ ಕೀಪರ್ ಚಿಲಾವರ್ಟ್ ಗೋಡೆ ಥರ ನಿಂತುಬಿಟ್ಟಿದ್ದ, ಕೊನೆಗೆ ಎಕ್ಸ್‌ಟ್ರಾ ಟೈಮಿನ ಸೆಕೆಂಡ್ ಹಾಫಲ್ಲಿ ಲೊರಾನ್ ಬ್ಲಾನ್ ಗೋಲು. ವಿಶ್ವಕಪ್ ಇತಿಹಾಸದ ಮೊದಲ ಗೋಲ್ಡನ್ ಗೋಲ್ ಅದು, ಅಂದ್ರೆ ಎಕ್ಸ್‌ಟ್ರಾ ಟೈಮಲ್ಲಿ ಮೊದಲು ಗೋಲು ಹೊಡೆದವರು ಅಲ್ಲಿಗೇ ಗೆದ್ದ ಹಾಗೆ. ಅಲ್ಲಿ ಸೋತಿದ್ರೆ ಫ್ರಾನ್ಸ್ ಆ ಕಪ್ ಎತ್ತುವ ಮಾತೇ ಇರಲಿಲ್ಲ. ಅದೇ ಟೂರ್ನಿಯಲ್ಲಿ, ಜರ್ಮನಿ ಯುಗೊಸ್ಲಾವಿಯ ಮ್ಯಾಚಿನ ದಿನ, ಜರ್ಮನಿಯಿಂದ ಬಂದ ಪುಂಡರು ದಾನಿಯೆಲ್ ನಿವೆಲ್ ಅನ್ನೋ ಪೊಲೀಸ್ ಸಿಬ್ಬಂದಿಯನ್ನ ಈ ಊರಿನ ಬೀದಿಯಲ್ಲೇ ಸಾಯೋ ಹಾಗೆ ಹೊಡೆದ್ರು, ಅವರು ವಾರಗಟ್ಟಲೆ ಕೋಮಾದಲ್ಲಿದ್ದು ಬದುಕುಳಿದ್ರೂ ಮೊದಲಿನ ಹಾಗೆ ಆಗಲಿಲ್ಲ. ಇದನ್ನೂ ಈ ಊರು ಮರೆತಿಲ್ಲ, ಮರೀಬಾರದು.

ಹಾಗೇ ಮಾರ್ಕ್ ವಿವಿಯನ್ ಫೋ. ಕ್ಯಾಮರೂನಿನ ಮಿಡ್‌ಫೀಲ್ಡರ್, ಆ ಚಾಂಪಿಯನ್ ತಂಡದಲ್ಲಿದ್ದ, 2003ರ ಜೂನ್ 26ಕ್ಕೆ ಲಿಯೋನ್‌ನಲ್ಲಿ ತನ್ನ ದೇಶಕ್ಕೆ ಆಡ್ತಾ ಆಡ್ತಾ ಮೈದಾನದಲ್ಲೇ ಕುಸಿದು ಸತ್ತ. ಅವನ 17ನೇ ನಂಬರ್ ಜೆರ್ಸಿಯನ್ನ ಲಾನ್ಸ್ ಎತ್ತಿಟ್ಟುಬಿಡ್ತು, ಸ್ಟೇಡಿಯಂ ಹತ್ತಿರದ ರಸ್ತೆಗೆ ಅವನ ಹೆಸರಿಟ್ರು.

ಆಮೇಲೆ ಬಂದಿದ್ದು ಕಷ್ಟದ ವರ್ಷಗಳು. 2008ರಲ್ಲಿ ಎರಡನೇ ಡಿವಿಷನ್ನಿಗೆ ಬಿದ್ರು, ಮೇಲೆ ಬಂದ್ರು, ಮತ್ತೆ ಬಿದ್ರು. ದೂರದ ಅಜರ್ಬೈಜಾನಿನ ಒಬ್ಬ ಉದ್ಯಮಿ ದುಡ್ಡು ಹಾಕ್ತೀನಿ ಅಂತ ಬಂದು, ಹಣ ಸರಿಯಾಗಿ ಬರದೆ ಒದ್ದಾಟ ಆಯ್ತು. 2014-15ರಲ್ಲಿ ಯೂರೋ 2016ಕ್ಕೋಸ್ಕರ ಸ್ಟೇಡಿಯಂ ರಿಪೇರಿಗೆ ಹೋಗಿ, ತಂಡ ಪೂರ್ತಿ ಸೀಸನ್ ಮನೆ ಬಿಟ್ಟು ಹೊರಗೆ, ಹೆಚ್ಚಿನ ಮ್ಯಾಚೆಲ್ಲಾ ಅಮಿಯೆನ್ ಊರಲ್ಲಿ ಆಡಬೇಕಾಯ್ತು, ಕೊನೇ ಸ್ಥಾನಕ್ಕೆ ಬಿದ್ದು ಕೆಳಗಿಳೀತು. ಆದ್ರೆ ಎರಡನೇ ಡಿವಿಷನ್ನಿನಲ್ಲಿದ್ದಾಗ್ಲೂ ಬೊಲಾರ್ ಖಾಲಿ ಹೊಡೀಲಿಲ್ಲ, ಮೊದಲ ಡಿವಿಷನ್ನಿನ ಎಷ್ಟೋ ಕ್ಲಬ್ಬಿಗೆ ಸಿಗದಷ್ಟು ಜನ ಬರ್ತಾನೇ ಇದ್ರು. ಗೆಲ್ಲೋ ತಂಡದ ಹಿಂದೆ ಯಾರು ಬೇಕಾದ್ರೂ ಹೋಗ್ತಾರೆ, ಸೋತು ಸೋತು ಕೆಳಗೆ ಬಿದ್ದ ತಂಡಕ್ಕೆ ಮಳೆಯಲ್ಲಿ ಟಿಕೆಟ್ ತಗೊಂಡು ಬರೋ ಜನರನ್ನ ನಾನು ನೋಡಿದ್ದು ಇವರನ್ನೇ. 2020ರಲ್ಲಿ ಮೇಲೆ ಬಂದ ಮೇಲೆ ಫ್ರಾಂಕ್ ಏಸ್ ಕೋಚ್ ಆಗಿ ಕಟ್ಟಿದ ತಂಡ 2023ರ ಜನವರಿ 1ರಂದು ಅದುವರೆಗೆ ಒಂದೂ ಮ್ಯಾಚ್ ಸೋಲದ ಪ್ಯಾರಿಸ್ ಸೇಂಟ್ ಜರ್ಮನ್ನನ್ನ ಇಲ್ಲಿ 3-1 ಸೋಲಿಸ್ತು, ಸೀಸನ್ ಕೊನೆಗೆ 84 ಪಾಯಿಂಟ್, ಪ್ಯಾರಿಸ್‌ಗೆ 85. ಒಂದೇ ಒಂದು ಪಾಯಿಂಟ್. ಅಕ್ಟೋಬರ್‌ನಲ್ಲಿ ಚಾಂಪಿಯನ್ಸ್ ಲೀಗಲ್ಲಿ ಆರ್ಸೆನಲ್ ಬಂದು 2-1 ಸೋತು ಹೋಯ್ತು. ಅವರ ಊರಲ್ಲಿ ನಮಗೆ 6-0 ಹೊಡೆದ್ರು, ಅದು ಬೇರೆ ಮಾತು.

ಸ್ಟೇಡಿಯಂನಿಂದ ನಡೆದು ಹೋಗೋ ದೂರದಲ್ಲೇ ಲೂವ್ರ್ ಮ್ಯೂಸಿಯಂ ಇದೆ, ಹೌದು, ಪ್ಯಾರಿಸಿನ ಆ ಲೂವ್ರೇ. ಮುಚ್ಚಿದ 9ನೇ ನಂಬರ್ ಗಣಿಯ ಜಾಗದಲ್ಲಿ ಅದರ ಶಾಖೆಯನ್ನ 2012ರ ಡಿಸೆಂಬರ್ 4ರಂದು ಉದ್ಘಾಟನೆ ಮಾಡಿದ್ರು, ಗಣಿ ಕಾರ್ಮಿಕರ ರಕ್ಷಕಿ ಸಂತ ಬಾರ್ಬರಾಳ ಹಬ್ಬದ ದಿನ. ಒಳ್ಳೇ ಮ್ಯೂಸಿಯಂ, ಬೆಳಕು ಚೆಲ್ಲಿದ ಉದ್ದನೆ ಹಾಲು, ಹೋದವರು ನೋಡಲೇಬೇಕು. ಊರನ್ನ ಮೇಲೆತ್ತೋಕೆ ಕಲೆ ಬರ್ತಿದೆ ಅಂತ ಆಗ ದೊಡ್ಡ ಸುದ್ದಿ ಆಯ್ತು. ನನಗೆ ಅನ್ಸೋದು ಇಷ್ಟು: ಆ ಕಟ್ಟಡಕ್ಕೆ ಪ್ಯಾರಿಸಿನಿಂದ ಬೇಕಾದ್ದೆಲ್ಲಾ ಬಂತು, ಅರ್ಧ ಗಂಟೆ ನಡಿಗೆಯೊಳಗಿರೋ ಈ ಇನ್ನೊಂದು ಕಟ್ಟಡಕ್ಕೆ ಬೇಕಾದ್ದು ಇದೇ ಲೈನ್ ಮನೆಗಳಿಂದ ಬರುತ್ತೆ.

ಈಗ ಹೊಸ ಸುದ್ದಿ. ನಗರಸಭೆ ಸ್ಟೇಡಿಯಂ ಅನ್ನ ಕ್ಲಬ್ಬಿಗೇ ಮಾರೋ ತೀರ್ಮಾನ ತಗೊಂಡಿದೆ. ಕಂಪನಿಯಿಂದ ಸರ್ಕಾರಕ್ಕೆ, ಸರ್ಕಾರದಿಂದ ಊರಿಗೆ, ಊರಿಂದ ಕ್ಲಬ್ಬಿಗೆ. ಕ್ಲಬ್ಬಿನ ಯಜಮಾನ ಜೋಸೆಫ್ ಊಗೂರ್ಲಿಯಾನ್ ಹೂಡಿಕೆ ವ್ಯವಹಾರದ ಮನುಷ್ಯ, ಮುಳುಗ್ತಿದ್ದ ಕ್ಲಬ್ಬನ್ನ ದಡ ಮುಟ್ಟಿಸಿದ್ದು ಅವರೇ, ಅದನ್ನ ಒಪ್ಪಲೇಬೇಕು. ಸ್ವಂತ ಸ್ಟೇಡಿಯಂ ಇದ್ರೆ ಆದಾಯ ಹೆಚ್ಚುತ್ತೆ, ದೊಡ್ಡ ಊರಿನ ಕ್ಲಬ್ಬುಗಳ ಎದುರು ನಿಲ್ಲೋಕೆ ಅನುಕೂಲ ಅನ್ನೋ ವಾದ ಸುಳ್ಳಲ್ಲ. ಆದ್ರೆ ಆದಾಯ ಹೆಚ್ಚಿಸೋ ಸುಲಭದ ದಾರಿ ಎಲ್ಲಾ ಕಡೆ ಒಂದೇ, ಒಳ್ಳೇ ಜಾಗದ ಸೀಟುಗಳ ರೇಟು ಏರಿಸೋದು, ಹಾಡೋರನ್ನ ಮೂಲೆಗೆ ತಳ್ಳೋದು. ಬೊಲಾರ್‌ನಲ್ಲಿ ಒಳ್ಳೇ ಜಾಗ ಅಂದ್ರೆ ಮಾರೆಕ್. ಗೆಳೆಯನಿಗೆ ಇದನ್ನ ಕೇಳಿದಾಗ ಅವನು, ಮಾರೆಕ್ ಮುಟ್ಟಿದ್ರೆ ಅಲ್ಲಿ ಹಾಡೋಕೆ ಯಾರು ಉಳೀತಾರೆ, ಹಾಡಿಲ್ಲದ ಮೇಲೆ ಎದುರಿನ ದುಬಾರಿ ಸೀಟಲ್ಲಿ ಕೂತವರು ಏನು ನೋಡೋಕೆ ಬರ್ತಾರೆ, ಅಷ್ಟು ಲೆಕ್ಕ ಅವರಿಗೂ ಬರುತ್ತೆ ಬಿಡು ಅಂದ. ನನಗೆ ಅವನಷ್ಟು ಧೈರ್ಯ ಇಲ್ಲ. ಮುಂದಿನ ಸೀಸನ್ ಟಿಕೆಟ್ ಮಾರಾಟ ಶುರುವಾದ ದಿನ ನಾನು ಮೊದಲು ನೋಡೋದು ಆ ಸ್ಟ್ಯಾಂಡಿನ ರೇಟನ್ನೇ.